ಹಿತ್ತಿಲ ಒದ್ದೆ ಮೂಲೆ

ಕಡಲಾಚೆಯ ಎವರ್‌ಗ್ರೀನ್ ಎಂಬ ಊರಿನ ಕಾಗೆಗಳಿಗೆ ಎಡೆಯ ರುಚಿ ಹತ್ತಿಸಿದವಳು ಮಂಡ್ಯ ಕಡೆಯ ಹುಚ್ಚಮ್ಮ. ಅವಳಾಗಿ ಇದನ್ನು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಆದರೆ ಆ ವರ್ಷದ ವಸಂತದಲ್ಲಿ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ, ಗುಡ್ಡದ ಮಗ್ಗುಲಿನ ಆ ಹೊಸ ಬಡಾವಣೆಯಲ್ಲಿ ಒಂದೇ ಒಂದು ಮನೆಯ ಹಿತ್ತಿಲ ಬೇಲಿಯ ಮೇಲೆ ಕಾಗೆಗಳು ಪಂಕ್ತಿಗೆ ಕಾದ ಬೀಗರಂತೆ ಸಾಲಾಗಿ ಕೂತಿರುತ್ತಿದ್ದದ್ದನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸುಲಭಕ್ಕೆ ಒಲಿದ ಕಾಗೆಗಳಲ್ಲ ಅವು. ಮಾರ್ಚಿನಲ್ಲಿ ಬಂದಿಳಿದ ಮಾರನೆಯ ದಿನವೇ ಅವಳು ಬೇಲಿಯ ಹಲಗೆಯ ಮೇಲೆ ಮೊಸರನ್ನ ಇಟ್ಟು, 'ಕಾ ಕಾ' ಎಂದು ಕೂಗಿ ನೋಡಿದ್ದಳು. ಒಂದೂ ತಿರುಗಿ ನೋಡಲಿಲ್ಲ. ಊರಿನ ಕಾಗೆಗಳಾಗಿದ್ದರೆ ಕೈತುತ್ತನ್ನೇ ಕಿತ್ತುಕೊಂಡು ಹೋಗುತ್ತಿದ್ದವು. ಇವಕ್ಕೆ ಕುತ್ತಿಗೆಯಲ್ಲಿ ಬೂದಿ ಬಣ್ಣವೂ ಇಲ್ಲ, ಮೈಯೆಲ್ಲ ಎಣ್ಣೆ ಹಚ್ಚಿದಂಥ ಕಪ್ಪು, ಗತ್ತು ಬೇರೆ. ಈ ದೇಶದಲ್ಲಿ ಕಾಗೆಯನ್ನು ಕರೆಯುವುದಕ್ಕೂ ಅಪಾಯಿಂಟ್‌ಮೆಂಟು ಬೇಕೇನೋ ಎಂದುಕೊಂಡು ಹುಚ್ಚಮ್ಮ ಸೋಲದೆ ದಿನಾ ಮಧ್ಯಾಹ್ನ ಒಂದೊಂದು ಇಟ್ಟು ನೋಡಿದಳು. ಚಪಾತಿ ಚೂರಿಗೆ ಒಂದು ಬಂತು. ಉದ್ದಿನ ವಡೆಗೆ ಅದರ ಸಂಸಾರ ಬಂತು. ಬಾಡಿನ ಸಾರಿನಲ್ಲಿ ನೆನೆದ ಮೂಳೆ ಇಟ್ಟ ದಿನ ಇಡೀ ಗುಡ್ಡದ ಕಾಗೆಗಳಿಗೆ ಸುದ್ದಿ ಮುಟ್ಟಿತು.

ಇಷ್ಟೆಲ್ಲ ಪಾಡು ಯಾತಕ್ಕೆಂದರೆ ಗಂಡನ ವರ್ಷದ ಎಡೆಗೆ. ಎಡೆ ಇಟ್ಟರೆ ಸಾಲದು, ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ.

ಹಿಂದಿನ ವರ್ಷ ಕಾಗೆ ಮುಟ್ಟಿರಲಿಲ್ಲ. ಜವರೇಗೌಡರು ಮಗ ಕೆಂಪರಾಜುವಿನ ಹೊಸ ಮನೆ ನೋಡಲೆಂದು ಹೆಂಡತಿಯ ಜೊತೆ ಬಂದವರು, ಈ ಮನೆಯಲ್ಲೇ ತೀರಿಕೊಂಡಿದ್ದರು. ಆವತ್ತು ಕೆಂಪರಾಜು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆ ಎಂದು ಹೇಳಿ ಹೋಗಿದ್ದ. ಗೌಡರು ಮುಂದೆ ತಟ್ಟೆ ಇಟ್ಟುಕೊಂಡು, ಮುದ್ದೆ ಮುರಿಯದೆ, "ಕೆಂಪ ಬರ್ಲಿ, ಒಟ್ಗೆ ಉಣ್ತೀನಿ" ಎಂದು ಕೂತರು. ಅವನ ಕಂಪನಿಯ ವೆಬ್‌ಸೈಟು ಲೋಕಕ್ಕೆ ತೆರೆದುಕೊಳ್ಳುವ ದಿನವಂತೆ ಅದು. ಫೋನು ಮಾಡಿದರೆ ಎತ್ತಲಿಲ್ಲ. ಮುದ್ದೆ ಆರಿ ಮೇಲೆ ಕೆನೆಗಟ್ಟಿತು. ಗೌಡರು ಹಾಗೇ ಗೋಡೆಗೆ ಒರಗಿದರು, ಮತ್ತೆ ಏಳಲಿಲ್ಲ.

ಹನ್ನೊಂದನೇ ದಿನ ಹಿತ್ತಿಲಲ್ಲೇ ಎಡೆ ಇಟ್ಟರು. ಆಗಿನ್ನೂ ಬಡಾವಣೆಯಲ್ಲಿ ಒಂದು ಮರವಿಲ್ಲ, ಕಾಗೆ ಎಲ್ಲಿಂದ ಬರಬೇಕು? ಬೈಗಾಗುವತನಕ ಕಾದು ಎಲೆ ಮಡಿಸಿದರು. ಆ ರಾತ್ರಿ ಊರಿನಿಂದ ಗೌಡರ ತಮ್ಮ ಬೋರೇಗೌಡ ಫೋನಿನಲ್ಲಿ, "ಮಗನ್ ಜೊತೆ ಉಣ್ಣೋ ಆಸೆ ಉಳ್ಕಂಡದೆ ಕಣತ್ಗೆ, ಅದ್ಕೇ ಮುಟ್ನಿಲ್ಲ" ಎಂದುಬಿಟ್ಟ. ಸ್ಪೀಕರ್ ಫೋನು. ಎದುರಿಗೇ ಕೂತಿದ್ದ ಕೆಂಪರಾಜು ಕೇಳಿಸಿಕೊಂಡ, ಎದ್ದು ಗರಾಜಿಗೆ ಹೋದ, ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಆವತ್ತಿನಿಂದ ಅವನು ಮುದ್ದೆ ಮುಟ್ಟಿಲ್ಲ. ಮಂಡ್ಯದ ಗಂಡುಮಗ ಮುದ್ದೆ ಬಿಟ್ಟನೆಂದರೆ ಅದು ಡಯಟ್ಟಿನ ಮಾತಲ್ಲ ಎಂಬುದು ಹುಚ್ಚಮ್ಮನಿಗೆ ಗೊತ್ತಿತ್ತು. ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದರೂ ಮಗನ ಎದೆಯ ಭಾರ ನೀರಿಗೆ ಬೀಳಲಿಲ್ಲ. ಈ ಸಲ ಕಾಗೆ ಮುಟ್ಟಲೇಬೇಕು. ಅವಳು ಎರಡನೇ ಸಲ ವಿಮಾನ ಹತ್ತಿ ಬಂದದ್ದೇ ಅದಕ್ಕೆ.

ಇನ್ನು ಆ ಹಿತ್ತಿಲು. ಕೆಂಪರಾಜುವಿಗೆ ಅದರ ಕಡೆ ನೋಡಲು ಪುರುಸೊತ್ತಿರಲಿಲ್ಲವಾಗಿ, ಅಕ್ಕಪಕ್ಕದವರೆಲ್ಲ ಹಸಿರು ಲಾನು ಹಾಸಿಕೊಂಡು ಗುಲಾಬಿ ನೆಟ್ಟರೂ ಇವನದು ಮಾತ್ರ ಜಲ್ಲಿ, ಮಣ್ಣು, ಅಲ್ಲೊಂದು ಇಲ್ಲೊಂದು ಮೋಟು ಹುಲ್ಲು. ಮೂಲೆಯಲ್ಲಿ ಸ್ಪ್ರಿಂಕ್ಲರಿನ ಪೈಪು ಸೋರಿ ಒಂದು ಚಾಪೆಯಗಲ ಕೆಸರಾಗಿತ್ತು. ರಿಪೇರಿ ಮಾಡಿಸು ಎಂದು ಹೆಂಡತಿ ಜಯಶೀಲಾ ಹೇಳಿ ಹೇಳಿ ಸಾಕಾಗಿದ್ದಳು. ಜವರೇಗೌಡರು ಇದ್ದಾಗ ಆ ಕೆಸರಿನ ಪಕ್ಕ ಕುರ್ಚಿ ಹಾಕಿಕೊಂಡು ಬೀಡಿ ಸೇದುತ್ತ, "ಆ ನೀರ್ ನಿಲ್ಲುಸ್ಬ್ಯಾಡ ಕಣ್ಲಾ, ಹಕ್ಕಿ ಬತ್ತವೆ" ಎಂದಿದ್ದರು. ಅಪ್ಪನ ಮಾತೆಂದು ಬಿಟ್ಟನೋ, ಸೋಮಾರಿತನಕ್ಕೆ ಬಿಟ್ಟನೋ, ಅಂತೂ ಪೈಪು ಸೋರುತ್ತಲೇ ಇತ್ತು.

ಬರುತ್ತಿದ್ದದ್ದು ಒಂದು ಜೋಡಿ ಹಕ್ಕಿ. ಬೆನ್ನು ಮಣ್ಣಿನ ಬಣ್ಣ, ಎದೆ ಬಿಳಿ, ಕುತ್ತಿಗೆಗೆ ಎರಡು ಕಪ್ಪು ಪಟ್ಟಿ, ಕಣ್ಣಿನ ಸುತ್ತ ಕೆಂಪು ಉಂಗುರ. ಓಡುವುದು, ತಟಕ್ಕನೆ ನಿಲ್ಲುವುದು, 'ಡೀ ಡೀ' ಎಂದು ಊರೆಲ್ಲ ಎಬ್ಬಿಸುವುದು. ಮೊಮ್ಮಗಳು ನಿಸರ್ಗಾ ಅದನ್ನು ಕಿಲ್‌ಡಿಯರ್ ಎಂದಳು. ಹುಚ್ಚಮ್ಮನಿಗೆ ಅದು ಊರ ಹೊಲದ ಟಿಟ್ಟಿಭದ ತಂಗಿಯಂತೆ ಕಂಡಿತು. ಟಿಟ್ಟಿಭವೂ ಹೀಗೆಯೇ, ಮರ ಗಿಡ ಒಂದೂ ಬೇಡ, ನೆಲದಲ್ಲೇ ಕಲ್ಲಿನ ನಡುವೆ ಮೊಟ್ಟೆ ಇಡುತ್ತಿತ್ತು. ಉಳುವಾಗ ಅಂಥ ಮೊಟ್ಟೆ ಕಂಡರೆ ಗೌಡರು ನೇಗಿಲು ಎತ್ತಿ, ಸುತ್ತು ಹಾಕಿ, ಆ ಜಾಗವನ್ನು ಹಾಗೇ ಬಿಟ್ಟು ಹೋಗುತ್ತಿದ್ದರು. ಅಷ್ಟು ನೆಲದ ರಾಗಿ ಹೋಯಿತಲ್ಲ ಎಂದು ಆಗ ಗೊಣಗಿದವಳು ಇದೇ ಹುಚ್ಚಮ್ಮ.

ಬೇಲಿಯ ಆಚೆಗೆ, ಮುಂದಿನ ಸಾಲಿನ ಮನೆಗಳಿಗೆಂದು ಬುಲ್‌ಡೋಜರು ಮಟ್ಟ ಮಾಡಿಬಿಟ್ಟ ಜಲ್ಲಿನೆಲವಿತ್ತು. ಹಕ್ಕಿ ಅಲ್ಲಿ ಮೊಟ್ಟೆ ಇಟ್ಟು, ಏಪ್ರಿಲ್ ಮುಗಿಯುವ ಹೊತ್ತಿಗೆ ನಾಲ್ಕು ಮರಿ ಮಾಡಿತು. ಕಡ್ಡಿಕಾಲಿನ ಮೇಲೆ ಹತ್ತಿಯುಂಡೆ ಇಟ್ಟಂಥ ಮರಿಗಳು. ಮೊಟ್ಟೆಯೊಡೆದ ದಿನವೇ ಎದ್ದು ಓಡಾಡಿದವು. ಬೇಲಿಯ ಹಲಗೆ ಕೆಳಗಿನ ಸಂದಿಯಲ್ಲಿ ನುಸುಳಿ, ತಾಯಿಯ ಹಿಂದೆ ಕೆಂಪರಾಜುವಿನ ಕೆಸರು ಮೂಲೆಗೆ ಬಂದವು. ಹುಚ್ಚಮ್ಮ ಕೋಳಿಮರಿ ಸಾಕಿದ ಅಭ್ಯಾಸದಲ್ಲಿ ಒಂದು ಹಿಡಿ ನುಚ್ಚು ತಂದಳು.

"ನೋ ಅಜ್ಜಿ!" ಎಂದು ನಿಸರ್ಗಾ ಕೈ ಹಿಡಿದಳು. ಹನ್ನೆರಡರ ಹುಡುಗಿ, ಕನ್ನಡ ಎಲ್ಲ ತಿಳಿಯುತ್ತಿತ್ತು, ಬಾಯಲ್ಲಿ ಬರುವಾಗ ಅರ್ಧ ಇಂಗ್ಲಿಷು. "ದೇ ಈಟ್ ಬಗ್ಸ್. ಅಮ್ಮ ಹಕ್ಕಿನೂ ತಿನ್ನಿಸಲ್ಲ, ಅವೇ ಹುಡುಕಿ ತಿಂತಾವೆ."

ಹಕ್ಕಿಗಳ ವಿಚಾರ ತಿಳಿದ ಯಾರಿಗೋ ಫೋನು ಮಾಡಿ ಅವಳು ಎಲ್ಲ ಕೇಳಿಕೊಂಡಿದ್ದಳು. ಅದನ್ನು ಅಜ್ಜಿಗೆ ತನ್ನ ಮುರುಕು ಕನ್ನಡದಲ್ಲಿ ವಿವರಿಸಿದಳು. ಈ ಮರಿಗಳಿಗೆ ಗೂಡು ಬೇಡ, ಬಯಲು ಬೇಕು. ಹುಲ್ಲು ಮೋಟಾಗಿರಬೇಕು, ಎತ್ತರವಾದರೆ ಕಾಲಿಗೆ ತೊಡರುತ್ತದೆ, ದೂರದಿಂದ ಬರುವ ಶತ್ರು ಕಾಣುವುದಿಲ್ಲ. ಹತ್ತಿರದಲ್ಲೇ ಒದ್ದೆ ಮಣ್ಣು ಬೇಕು, ಹುಳ ಇರುವುದು ಅಲ್ಲೇ. ಮೇ ತಿಂಗಳು ಬಂದರೆ ಈ ಗುಡ್ಡಗಳೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತವೆ, ಆಚೆಯ ಬಯಲು ಕಾದ ಹೆಂಚಾಗುತ್ತದೆ, ಆಮೇಲೆ ಈ ಸೋರುವ ಪೈಪೇ ಗತಿ. ರೆಕ್ಕೆ ಬಲಿತು ಹಾರುವತನಕ ಇಲ್ಲೇ ನಡೆದುಕೊಂಡು ಬದುಕಬೇಕು. ಅಲ್ಲಿಯವರೆಗೆ ಬೆಕ್ಕು ಬರಬಾರದು.

"ಮತ್ತೆ ಕ್ರೋಸ್," ಎಂದಳು ನಿಸರ್ಗಾ. "ಕಾಗೆ ಬರಬಾರದು."

ಹುಚ್ಚಮ್ಮನ ಕೈಯಲ್ಲಿದ್ದ ನುಚ್ಚಿನ ಕಡೆಗೇ ಬೇಲಿಯ ಮೇಲಿನ ಕಾಗೆಯೊಂದು ಕತ್ತು ಓರೆ ಮಾಡಿ ನೋಡುತ್ತಿತ್ತು.

ಮಾರನೆಯ ಮಧ್ಯಾಹ್ನ ಅವಳ ಕಣ್ಣೆದುರಿಗೇ ಒಂದು ಮರಿ ಹೋಯಿತು. ಕಾಗೆ ಬೇಲಿಯಿಂದ ಸುಮ್ಮನೆ ಇಳಿಯಿತು, ನಾಲ್ಕು ಹೆಜ್ಜೆ ಕುಪ್ಪಳಿಸಿತು, ಕೊಕ್ಕಿನಲ್ಲಿ ಕಚ್ಚಿಕೊಂಡು ಎದ್ದಿತು. ತಾಯಿ ಹಕ್ಕಿ ಕಿರುಚಿಕೊಂಡು ಅದರ ಹಿಂದೆ ಹಾರಿ, ಬರಿಗೈಯಲ್ಲಿ ವಾಪಸು ಬಂದಿತು. ವಡೆ ಕಚ್ಚಿಕೊಂಡು ಹೋಗುತ್ತಿದ್ದ ರೀತಿಯಲ್ಲೇ ಕಾಗೆ ಮರಿಯನ್ನು ಕಚ್ಚಿಕೊಂಡು ಹೋಗಿತ್ತು.

ಸ್ಕೂಲಿನಿಂದ ಬಂದ ನಿಸರ್ಗಾ ಮರಿಗಳನ್ನು ಎಣಿಸಿದಳು. ಬೇಲಿಯ ಮೇಲೆ ಬೆಳ್ಳಗೆ ಹಿಕ್ಕೆ ಬಿದ್ದಿದ್ದ ಹಲಗೆಯನ್ನೂ, ಅದರ ಮೇಲೆ ಒಣಗಿದ ಅನ್ನದ ಅಗುಳನ್ನೂ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಪಕ್ಕದ ಮನೇಲಿ ಕಾಗೆ ಇಲ್ಲ. ಆ ಕಡೆ ಮನೇಲೂ ಇಲ್ಲ. ಇಲ್ಲಿ ಯಾಕೆ ಬರ್ತಾವೆ ಅಜ್ಜಿ? ಬಿಕಾಸ್ ಯು ಫೀಡ್ ದೆಮ್!"

"ನಿಮ್ತಾತಂಗೆ ಅಂತ ಕಣ್ ಕೂಸೆ..."

"ತಾತ ಕಾಗೆ ಅಲ್ಲ!" ಎಂದು ಕಿರುಚಿ ಒಳಗೋಡಿದಳು.

ಹುಚ್ಚಮ್ಮ ಆವತ್ತಿನಿಂದ ಅನ್ನ ಇಡುವುದನ್ನು ನಿಲ್ಲಿಸಿದಳು. ಅದರಿಂದ ಕೆಟ್ಟದ್ದೇ ಆಯಿತು. ಕರೆದು ಕರೆದು ಅಭ್ಯಾಸ ಮಾಡಿಸಿದ ನೆಂಟರು ಊಟವಿಲ್ಲವೆಂದು ಎದ್ದು ಹೋಗುತ್ತಾರೆಯೇ? ಅದೇ ಹೊತ್ತಿಗೆ ಬಂದವು, ಹಲಗೆ ಖಾಲಿ ಇರುವುದು ನೋಡಿದವು, ನೆಲ ನೋಡತೊಡಗಿದವು. ಎರಡನೆಯ ಮರಿಯೂ ಹೋಯಿತು. ಹುಚ್ಚಮ್ಮ ಕೊಡೆ ಹಿಡಿದು ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಮದುವೆಗೆ ಮುಂಚೆ ಅಟ್ಟಣೆಯ ಮೇಲೆ ನಿಂತು ಜೋಳದ ಹೊಲ ಕಾಯ್ದವಳು ಅವಳು, ಕವಣೆ ಬೀಸಿದರೆ ಗಿಳಿವಿಂಡು ಪಕ್ಕದೂರಿಗೆ ಹೋಗಿ ಕೂರಬೇಕು. ಈಗ ಮಾತ್ರ ಕೊಡೆ ಎತ್ತಿದ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಪೂರಾ ಬೆದರಿಸಿದರೆ ಕಾಗೆಗಳು ಶುಕ್ರವಾರದ ಎಡೆಗೂ ಬರುವುದಿಲ್ಲ. ಬೆದರಿಸದಿದ್ದರೆ ಮರಿ ಉಳಿಯುವುದಿಲ್ಲ. "ಈಗ್ ಓಗ್ರಪ್ಪ, ಶುಕ್ರವಾರ ಬನ್ನಿ" ಎಂದು ಕಾಗೆಗಳಿಗೆ ಬೇಡಿಕೊಳ್ಳುವ ಸ್ಥಿತಿಗೆ ಬಂದಿತು ಅವಳ ಬಾಳು.

ಅವ್ವ ಕಾಗೆ ಕರೆಯುವುದೊಂದು ಬಿಟ್ಟರೆ ಮಗನಿಗೆ ಬೇರೇನೂ ಗೊತ್ತಿರಲಿಲ್ಲ. ಏಪ್ರಿಲಿನಲ್ಲಿ ಶೇರುಗಳು ಮಕಾಡೆ ಮಲಗಿದ ಮೇಲೆ ಅವನ ಕಂಪನಿಯಲ್ಲಿ ದಿನಾ ಒಂದಲ್ಲ ಒಂದು ಕುರ್ಚಿ ಖಾಲಿಯಾಗುತ್ತಿತ್ತು. ಅವನು ಬೆಳಕು ಹರಿಯುವ ಮುಂಚೆ ಹೋಗಿ ಎಲ್ಲರೂ ಮಲಗಿದ ಮೇಲೆ ಬರುತ್ತಿದ್ದ. ಗುರುವಾರ ಮಾತ್ರ ಬೇಗ ಬಂದು ಅವ್ವನ ಮಂಚದ ಅಂಚಿಗೆ ಕೂತ.

"ನಾಳೆ ಎರಡು ಗಂಟೆಗೆ ಇನ್ವೆಸ್ಟರ್ಸ್ ಜೊತೆ ಮೀಟಿಂಗು ಇದೆ ಅವ್ವ. ಅದರ ಮೇಲೇ ಕಂಪನಿ ನಿಂತಿದೆ. ಆದ್ರೂ ಹನ್ನೊಂದಕ್ಕೇ ಬಂದ್ಬಿಡ್ತೀನಿ." ಬೆರಳು ನೋಡಿಕೊಳ್ಳುತ್ತ ಕೇಳಿದ. "ಈ ಸಲ ಮುಟ್ಟುತ್ತಾ?"

"ಮುಟ್ತದೆ ಕಣ್ ಮಗ. ಮುಟ್ದೆ ಎಲ್ಗೋದದು?"

ಅವನ ಮುಖದ ಮೇಲೆ ಒಂದು ವರ್ಷದಿಂದ ಕಾಣದಿದ್ದ ಗೆಲುವು ಒಂದು ಚೂರು ಕಂಡಿತು. ಅದನ್ನು ನೋಡಿ ಹುಚ್ಚಮ್ಮ ಮರಿಗಳ ವಿಷಯ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಬೆಳಗ್ಗೆ ನಿಸರ್ಗಾ ಸ್ಕೂಲಿಗೆ ಹೊರಡುವಾಗ ಇನ್ನೊಂದು ಮಾತು ಕೊಡಬೇಕಾಯಿತು.

"ಟೂ ಲೆಫ್ಟ್, ಅಜ್ಜಿ. ನಾನು ಬರೋವರೆಗೂ ನೋಡ್ಕೋ. ಪ್ರಾಮಿಸ್?"

"ಪ್ರಾಮಿಸು."

ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಳ್ಳಲು ಹುಚ್ಚಮ್ಮ ಒಂದು ಉಪಾಯ ಹೂಡಿದ್ದಳು. ಎಡೆಯನ್ನು ಹಿತ್ತಿಲಲ್ಲಿ ಇಡುವುದೇ ಬೇಡ, ಮನೆಯ ಮುಂದೆ ಡ್ರೈವ್‌ವೇಯಲ್ಲಿ ಇಡುವುದು. ಕಾಗೆಗಳು ಅಲ್ಲಿ ಬಂದು ಬಾಡು ತಿನ್ನಲಿ, ಮರಿಗಳು ಇಲ್ಲಿ ಹುಳ ತಿನ್ನಲಿ. ಬೆಳಗ್ಗೆಯಿಂದ ಅತ್ತೆ ಸೊಸೆ ಸೇರಿ ಅಡುಗೆ ಮಾಡಿದರು. ಸ್ಟೋರಿ ರೋಡಿನ ವಿಯೆಟ್ನಾಮಿ ಅಂಗಡಿಯಿಂದ ತಂದ ಬಾಳೆಲೆಯ ಮಂಜು ಬಿಡಿಸಿ, ಒರೆಸಿ, ಅದರ ಮೇಲೆ ಮುದ್ದೆ, ಬಾಡಿನ ಸಾರು, ಅನ್ನ, ವಡೆ ಬಡಿಸಿದರು. ಊರಿನಿಂದ ತಂದಿದ್ದ ಬೀಡಿ ಕಟ್ಟೊಂದನ್ನು ಎಲೆಯ ಬಲಗಡೆ ಇಟ್ಟರು.

ಕೆಂಪರಾಜು ಹೇಳಿದ ಹೊತ್ತಿಗೆ ಬಂದ. ಸ್ನಾನ ಮಾಡಿ ಪಂಚೆ ಉಟ್ಟು, ಟವೆಲು ಹೊದ್ದು, ಎಲೆಯನ್ನು ಎರಡು ಕೈಯಲ್ಲಿ ಹಿಡಿದು ತಂದು ಡ್ರೈವ್‌ವೇಯಲ್ಲಿ ಮಣೆಯ ಮೇಲಿಟ್ಟ. ಕೈ ಮುಗಿದ. ಮೂವರೂ ಹಿಂದೆ ಸರಿದು ನಿಂತರು.

ಕಾಗೆ ಬರಲಿಲ್ಲ.

ಅಂಚೆಯವನ ಬಂಡಿ ಹೋಯಿತು. ಎದುರುಮನೆಯ ಹೆಂಗಸು ನಾಯಿ ಹಿಡಿದುಕೊಂಡು ಹೋಗುತ್ತ ಎಲೆಯನ್ನೂ, ಪಂಚೆಯನ್ನೂ ನೋಡಿ ನಕ್ಕು ಕೈಬೀಸಿದಳು. ಮುದ್ದೆಯ ಮೇಲಿನ ಹಬೆ ನಿಂತಿತು. ಮನೆಯ ಹಿಂದಿನಿಂದ ಕಾಗೆಗಳ ಕೂಗು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು, ತಡವಾಯಿತೆಂದು ಅಡುಗೆಯವರನ್ನು ಬೈಯುವ ಹಾಗೆ.

"ಎಲ್ಲಾ ಹಿಂದೆ ಇವೆ ಅವ್ವ," ಎಂದ ಕೆಂಪರಾಜು.

"ಬತ್ತವೆ, ತಡಿ."

"ನಿನ್ನೆವರೆಗೂ ಎಲ್ಲಿ ಇಡ್ತಿದ್ದೆ?"

ಜಯಶೀಲಾ ಗಡಿಯಾರ ನೋಡಿಕೊಂಡಳು. ಅವನ ಸೊಂಟದಲ್ಲಿದ್ದ ಫೋನು ಎರಡು ಸಲ ಗುಂಯ್‌ಗುಟ್ಟಿತು. ಅವನು ನೋಡಲಿಲ್ಲ, ಮುದ್ದೆಯನ್ನೇ ನೋಡುತ್ತಿದ್ದ. ಅದು ಆರಿ ಮೇಲೆ ಕೆನೆಗಟ್ಟತೊಡಗಿತ್ತು. ಆಮೇಲೆ ಅವನು ಬಗ್ಗಿ ಎಲೆಯನ್ನು ಮಣೆಯ ಸಮೇತ ಎತ್ತಿಕೊಂಡು, ಪಕ್ಕದ ಓಣಿಯಲ್ಲಿ ಹಿತ್ತಿಲಿಗೆ ನಡೆದೇಬಿಟ್ಟ.

ತಡೆಯಬೇಕಿತ್ತು. ಮಾಡಿದ ಪಾಪಕ್ಕೆ ಒಂದು ವರ್ಷ ಮುದ್ದೆ ಬಿಟ್ಟು ಕೂತ ಮಗನಿಗೆ, ನಿಲ್ಲಪ್ಪ, ಹಕ್ಕಿಮರಿ ಇವೆ ಎಂದು ಯಾವ ಬಾಯಲ್ಲಿ ಹೇಳುವುದು? ಕೈ ನೀರಿಗೆಂದು ತಂದಿದ್ದ ಹಿತ್ತಾಳೆ ಚೊಂಬು ಹಿಡಿದುಕೊಂಡೇ ಹುಚ್ಚಮ್ಮ ಅವನ ಹಿಂದೆ ಓಡಿದಳು.

ಬೇಲಿಯ ಮೇಲೆ ಸಾಲು ತುಂಬಿತ್ತು. ಕೆಸರು ಮೂಲೆಯಲ್ಲಿ ತಾಯಿ ಹಕ್ಕಿ ಇತ್ತು, ಅದರ ಆಚೆಗೆ ಎರಡು ಮರಿ ತಲೆ ತಗ್ಗಿಸಿ ಹುಳ ಕುಕ್ಕುತ್ತಿದ್ದವು. ಕೆಂಪರಾಜು ಅತ್ತ ಕಣ್ಣು ಹಾಯಿಸದೆ ಹಿತ್ತಿಲ ನಡುವೆ ಎಲೆ ಇಟ್ಟು, ಕೈ ಮುಗಿದು, ಗೋಡೆಯ ಬಳಿ ಸರಿದು ನಿಂತ. ಅವನ ತುಟಿ ಅಲುಗುತ್ತಿತ್ತು.

ತಾಯಿ ಹಕ್ಕಿ ಒಂದೇ ಕೂಗು ಹಾಕಿತು. ಮರಿಗಳು ಇದ್ದಲ್ಲೇ ಕುಸಿದು ನೆಲಕ್ಕೆ ಅಂಟಿಕೊಂಡವು. ನೋಡುನೋಡುತ್ತಿದ್ದಂತೆ ಕೆಸರಿನಲ್ಲಿ ಎರಡು ಹೆಂಟೆ, ಅಷ್ಟೇ.

ಎರಡು ಕಾಗೆ ಇಳಿದವು. ಒಂದು ಎಲೆಯ ಹತ್ತಿರ, ಇನ್ನೊಂದು ಅದಕ್ಕಿಂತ ಮುಂದೆ, ಕೆಸರಿನ ಕಡೆಗೆ. ತಾಯಿ ಹಕ್ಕಿ ಓಡಿ ಬಂದು ಎರಡನೆಯದರ ಎದುರಿಗೆ ದೊಪ್ಪನೆ ಬಿದ್ದು, ಮುರಿದ ಹಾಗೆ ಒಂದು ರೆಕ್ಕೆ ಚಾಚಿ, ಬಾಲ ಹರಡಿ, ನರಳುತ್ತ ತೆವಳತೊಡಗಿತು. ನನ್ನನ್ನು ಹಿಡಿ, ಆ ಕಡೆ ನೋಡಬೇಡ ಎನ್ನುವ ನಾಟಕ ಅದು. ಬೇರೆ ಯಾರಾದರೂ ಮೋಸ ಹೋಗುತ್ತಿದ್ದರು. ಈ ಕಾಗೆ ಈ ನಾಟಕವನ್ನು ಮುಂಚೆಯೇ ಎರಡು ಸಲ ನೋಡಿತ್ತು. ಹಕ್ಕಿಯ ಪಕ್ಕದಿಂದ ಹಾದು ಮುಂದೆ ಕುಪ್ಪಳಿಸಿತು, ನಿಂತಿತು, ಹೆಂಟೆಯಂತಿದ್ದ ಮರಿಯನ್ನು ಓರೆಗಣ್ಣಿನಿಂದ ನೋಡಿತು.

ಇತ್ತ ಮೊದಲನೆಯ ಕಾಗೆ ಎಲೆಯಂಚಿಗೆ ಬಂದಿತ್ತು. ಬೀಡಿಕಟ್ಟನ್ನು ನೋಡಿತು. ಮುದ್ದೆಯನ್ನು ನೋಡಿತು. ಕತ್ತು ಮುಂದಕ್ಕೆ ಚಾಚಿತು. ಕೆಂಪರಾಜು, "ಅಪ್ಪಾ," ಎಂದ, ಕೇಳಿಯೂ ಕೇಳದಷ್ಟು ಮೆಲ್ಲಗೆ.

ಒಂದು ಕ್ಷಣ ಸುಮ್ಮನಿದ್ದರೆ ಸಾಕಿತ್ತು. ಒಂದು ಕಾಗೆ ಎಲೆ ಮುಟ್ಟುತ್ತಿತ್ತು, ಇನ್ನೊಂದು ಮರಿ ಮುಟ್ಟುತ್ತಿತ್ತು. ಒಂದನ್ನು ಓಡಿಸಿ ಇನ್ನೊಂದನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ, ಕೈ ತಟ್ಟಿದರೆ ಎರಡೂ ಹಾರುತ್ತವೆ. ಹುಚ್ಚಮ್ಮ ಗಂಡನನ್ನು ಹುಡುಕಿದಳು. ಇವೆರಡರಲ್ಲಿ ಅವರು ಯಾವುದು? ನೇಗಿಲೆತ್ತಿ ಸುತ್ತು ಹಾಕಿ ಹೋಗುತ್ತಿದ್ದ ಮನುಷ್ಯ ಆ ಕೆಸರಿನ ಕಡೆಯ ಕಾಗೆಯಂತೂ ಅಲ್ಲ. ಈ ಎಲೆಯಂಚಿನದಾದರೆ, ಮಗ್ಗುಲಲ್ಲೇ ಒಂದು ಕೂಸಿನ ಜೀವ ಹೋಗುತ್ತಿರುವಾಗ ಅವರು ತಲೆ ತಗ್ಗಿಸಿ ಉಣ್ಣಲು ಕೂರುತ್ತಿದ್ದರೇ?

"ಹೋ... ಹೊಯ್ಯ್!"

ಅಟ್ಟಣೆಯ ಮೇಲಿನ ಆ ಕೂಗು ಅವಳಿಗೇ ಮರೆತುಹೋಗಿತ್ತು. ಕೂಗಿನ ಹಿಂದೆಯೇ ಚೊಂಬು ಕೈಬಿಟ್ಟಿತು. ಕೆಸರಿನ ಕಾಗೆಯ ಮುಂದೆ ಠಣ್ಣೆಂದು ಬಿದ್ದು, ನೀರು ಚೆಲ್ಲಿ, ಉರುಳಿಕೊಂಡು ಹೋಗಿ ಬೇಲಿಗೆ ಬಡಿಯಿತು. ಕೆಸರಿನದು ಎದ್ದಿತು, ಎಲೆಯದು ಎದ್ದಿತು, ಬೇಲಿಯ ಸಾಲೆಲ್ಲ ಒಟ್ಟಿಗೆ ಎದ್ದು ಕಾ ಎನ್ನುತ್ತ ಗುಡ್ಡದ ಕಡೆ ಹಾರಿತು.

ಎಲೆ ಇಟ್ಟ ಹಾಗೇ ಇತ್ತು.

"ಅವ್ವಾ!" ಕೆಂಪರಾಜುವಿನ ದನಿ ಒಡೆದಿತ್ತು. "ಏನ್ ಮಾಡ್ಬಿಟ್ಟೆ! ಬಗ್ಗಿತ್ತು ಅವ್ವ, ಕೊಕ್ಕು ಇಟ್ಟೇಬಿಡ್ತಿತ್ತು! ಒಂದು ಸೆಕೆಂಡು ತಡೀಬಾರ್ದಿತ್ತಾ?"

"ಅಲ್ನೋಡು."

"ಏನ್ ನೋಡ್ಲಿ?"

"ನೋಡು ಅಂದ್ರೆ ನೋಡ್ಲಾ!"

ಅವನು ನೋಡಿದ. ಕೆಸರು ಕಂಡಿತು. ಕಣ್ಣೀರು ಒರೆಸಿಕೊಂಡು ಮತ್ತೆ ನೋಡಿದ. ತಾಯಿ ಹಕ್ಕಿ ಮುರಿದ ರೆಕ್ಕೆಯನ್ನು ಏನೂ ಆಗಿಲ್ಲವೆಂಬಂತೆ ಮಡಿಸಿಕೊಂಡು ಎದ್ದು ನಿಂತಿತು, ಮೆಲ್ಲಗೆ ಕರೆಯಿತು. ಒಂದು ಹೆಂಟೆಗೆ ಕಾಲು ಬಂತು. ಇನ್ನೊಂದಕ್ಕೂ ಬಂತು.

"ನಾಕಿದ್ದೊ," ಎಂದಳು ಹುಚ್ಚಮ್ಮ. "ನಾನೇ ಕಾಗೆ ಕರ್ದು ಕರ್ದು ಎಲ್ಡ ತಿನ್ನುಸ್ದೆ. ನಿಂಗೋಸ್ಕರ ಅಂತ ಸುಮ್ಕಿದ್ದೆ. ಇನ್ನ್ ಆಗಕಿಲ್ಲ ಕಣ್ ಮಗ. ಆ ಕಾಗೇಲಿ ನಿಮ್ಮಪ್ಪ ಇದ್ದಿದ್ರೆ ಆ ಕೂಸ್ ತಂಟೆಗೆ ಓಗ್ತಿತ್ತಾ? ನೀನೇ ಯೋಳು."

"ಅದು ಬೇರೆ ಕಾಗೆ ಅವ್ವ! ಎಲೆ ಹತ್ರ ಇದ್ದಿದ್ದು ಬೇರೆ!" ಎಷ್ಟಾದರೂ ಎಂಜಿನಿಯರು, ಅಳುವಾಗಲೂ ಲೆಕ್ಕ ಬಿಡುವವನಲ್ಲ.

"ಪಕ್ದಲ್ಲಿ ಅಂತಾದ್ ಆಯ್ತಿರ್ಬೇಕಾರೆ ಉಣ್ಣಕ್ ಕುಂತ್ಕಳೊ ಮನ್ಸನಾ ಅವ್ರು?"

ಕೆಂಪರಾಜು ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಸೋರುವ ಪೈಪಿನ ತೊಟಕ್ ತೊಟಕ್ ಬಿಟ್ಟರೆ ಹಿತ್ತಿಲಲ್ಲಿ ಸದ್ದಿರಲಿಲ್ಲ. ಓಣಿಯ ಬಾಯಲ್ಲಿ ನಿಂತಿದ್ದ ಜಯಶೀಲಾ, "ರೀ, ಒಂದೂವರೆ ಆಯ್ತು," ಎಂದಳು, ಆಮೇಲೆ ಹೇಳಬಾರದಿತ್ತೇನೋ ಎಂದು ಒಳಗೆ ಹೋದಳು.

ಕಾಗೆಗಳು ವಾಪಸು ಬಂದವು. ಮೊದಲು ಒಂದು, ಆಮೇಲೆ ಮೂರು. ಹುಚ್ಚಮ್ಮ ಕೊಡೆಗಾಗಿ ತಡಕುವಷ್ಟರಲ್ಲಿ ಒಂದು ನೇರ ಕೆಸರಿನ ಕಡೆಗೇ ಇಳಿಯಿತು. ಅವಳಿಗಿಂತ ಮುಂಚೆ ಕೆಂಪರಾಜು ಎದ್ದಿದ್ದ. ಪಂಚೆ ಎತ್ತಿಕಟ್ಟಿ, ಬರಿಗಾಲಿನಲ್ಲಿ ಜಲ್ಲಿಯ ಮೇಲೆ ಓಡಿ, ಟವೆಲನ್ನು ಗರಗರ ಬೀಸಿದ. "ಹೊಯ್ಯ್!" ಎಂದ. ಅವನಿಗೆ ಆ ಕೂಗು ಸರಿಯಾಗಿ ಬರಲಿಲ್ಲ. ಕಾಗೆಗೆ ಅಷ್ಟು ಸಾಕಾಯಿತು.

ಸೊಂಟದ ಫೋನು ಮತ್ತೆ ಗುಂಯ್‌ಗುಟ್ಟಿತು. ತೆಗೆದು ಕಿವಿಗಿಟ್ಟು, ಇವತ್ತು ಬರಲಾಗುವುದಿಲ್ಲ, ಮನೆಯಲ್ಲಿ ಅಪ್ಪನ ಕೆಲಸವಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಆ ಕಡೆಯವರು ಏನೋ ಜೋ‌ರಾಗಿ ಹೇಳುತ್ತಲೇ ಇದ್ದರು. ಅವನು ಫೋನು ಆರಿಸಿ ಮೆಟ್ಟಿಲ ಮೇಲಿಟ್ಟ.

ಎಷ್ಟೋ ಹೊತ್ತು ತಾಯಿ ಮಗ ಇಬ್ಬರೂ ಕೆಸರಿನ ಆಚೆಗೊಬ್ಬರು ಈಚೆಗೊಬ್ಬರು ನೆಲದಲ್ಲೇ ಕೂತರು. ಕಾಗೆಗಳು ಮತ್ತೆ ಮತ್ತೆ ಬಂದವು, ಇವರು ಮತ್ತೆ ಮತ್ತೆ ಎದ್ದರು. ಬರಬರುತ್ತ ಬೇಲಿಯ ಮೇಲಿನ ಸಾಲು ತೆಳ್ಳಗಾಯಿತು. ಮರಿಗಳು ಇವರನ್ನು ಎರಡು ಬಂಡೆಯೆಂದೇ ತಿಳಿದವೋ ಏನೋ, ಕೆಂಪರಾಜುವಿನ ಹೆಬ್ಬೆರಳಿನ ಹತ್ತಿರದವರೆಗೂ ಹುಳ ಹುಡುಕಿಕೊಂಡು ಬಂದವು. ಅವನು ಕಾಲು ಅಲುಗಿಸಲಿಲ್ಲ.

"ಪೈಪ್ ರಿಪೇರಿ ಮಾಡ್ಸ್‌ಬೇಡ ಅಂದಿದ್ರು ಅಲ್ವಾ ಅಪ್ಪ," ಎಂದ.

"ಊಂ."

"ಸಂಜೆ ಚಿಕ್ಕಪ್ಪಂಗೆ ಫೋನ್ ಮಾಡ್ಬೇಕು. ಮುಟ್ತಾ ಅಂತ ಕೇಳ್ತಾರೆ."

"ನಿಮ್ಮವ್ವನೇ ಓಡುಸ್ಬುಟ್ಲು ಅಂತ ಯೋಳು. ನನ್ ತಲೆ ಮೇಲ್ ಬರ್ಲಿ."

ಬೆಳಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿಯದವನ ಮುಖ ಬಾಡಿಹೋಗಿತ್ತು. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಹುಚ್ಚಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಹಿತ್ತಿಲ ನಡುವಿನ ಎಲೆಯ ಹತ್ತಿರ ಹೋದಳು, ಎರಡು ಕೈಯಲ್ಲಿ ಎತ್ತಿದಳು, ತಂದು ಮಗನ ಮುಂದೆ ಇಟ್ಟಳು.

"ಉಣ್ಣು."

"ಅವ್ವ, ಇದು ಅಪ್ಪಂಗೆ ಇಟ್ಟಿದ್ದು. ಕಾಗೆ ಮುಟ್ಟಿಲ್ಲ."

"ಅವ್ರು ಅವತ್ತು ತಟ್ಟೆ ಮುಂದಿಕ್ಕಂಡು ಕುಂತಿದ್ದು ಕಾಗೆ ಬರ್ಲಿ ಅಂತ ಅಲ್ಲ ಕಣ್ ಮಗ," ಎಂದಳು ಹುಚ್ಚಮ್ಮ.

ಕೆಂಪರಾಜು ಕೈ ಚಾಚಿದ. ಬೆರಳು ಮುದ್ದೆಯ ಮೇಲಿನ ಕೆನೆಯನ್ನು ಒಡೆಯಿತು. ಒಂದು ತುತ್ತು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಗಂಟಲಲ್ಲಿ ಇಳಿಯುವಾಗ ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯಿತು.

"ಆರೋಗಿದೆ ಅವ್ವ."

"ಆರಿದ್ರೆ ಆರ್ಲಿ. ಉಣ್ಣು," ಎಂದು ಅವಳೂ ಅವನ ಎದುರಿಗೆ ಕೂತು ಅದೇ ಎಲೆಯಿಂದ ಒಂದು ತುತ್ತು ಮುರಿದುಕೊಂಡಳು.